ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಮದುವೆ ಫೋಟೊ ಚೆನ್ನಾಗಿ ಬರುತ್ತದೆಯೇ? ಕಡಿಮೆ ಬಜೆಟ್‌ನಲ್ಲಿ ಕ್ಯಾಮೆರಾ ಕೊಳ್ಳುವ ಹೊಸಬರು ತಿಳಿಯಬೇಕಾದದ್ದು

"ಹೇಗೂ ನಿನಗೆ ಫೋಟೊ ಹುಚ್ಚು ಇದೆಯಲ್ಲ, ಒಂದು ಕ್ಯಾಮೆರಾ ತಗೊಂಡು ಅಕ್ಕನ ಮದುವೆ ನೀನೇ ತೆಗೆದುಬಿಡು." ಮನೆಯಲ್ಲಿ ಇಂಥ ಮಾತು ಬಂದ ಕೂಡಲೇ ಹುಡುಕಾಟ ಶುರುವಾಗುತ್ತದೆ. ಅಂಗಡಿಯವರು ಒಂದು ಹೇಳುತ್ತಾರೆ, ಯೂಟ್ಯೂಬ್ ವಿಡಿಯೊ ಇನ್ನೊಂದು ಹೇಳುತ್ತದೆ, ವಾಟ್ಸಾಪ್ ಫಾರ್ವರ್ಡ್ ಮತ್ತೊಂದು ಹೇಳುತ್ತದೆ.

ಪ್ರವಾಸದ ಫೋಟೊ ಕೆಟ್ಟರೆ ಇನ್ನೊಮ್ಮೆ ಹೋಗಿ ತೆಗೆಯಬಹುದು. ಮದುವೆಯಲ್ಲಿ ಹಾಗಾಗುವುದಿಲ್ಲ. ಗಟ್ಟಿಮೇಳ ಶುರುವಾಗಿ ತಾಳಿ ಕಟ್ಟುವುದು ಕೆಲವೇ ಕ್ಷಣಗಳ ಕೆಲಸ. ಆಗ ಫೋಟೊ ಮಸುಕಾದರೆ ಅಥವಾ ಮೆಮೊರಿ ಕಾರ್ಡ್ ಕೈಕೊಟ್ಟರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು. ಹಾಗಾಗಿ ಮದುವೆಗೆಂದು ಕ್ಯಾಮೆರಾ ಆರಿಸುವಾಗ ಯಾವ ಮಾತು ನಿಜ, ಯಾವುದು ಅಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟು ಫೋಟೊ ಕ್ಲಿಯರ್

ಇದು ಪೂರ್ತಿ ನಿಜವಲ್ಲ. ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿಗಳು. ಆಲ್ಬಮ್‌ಗೆ ಎಷ್ಟು ಚುಕ್ಕಿ ಬೇಕು ಎಂದು ಲೆಕ್ಕ ಹಾಕೋಣ. 12×18 ಇಂಚಿನ ದೊಡ್ಡ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 3600×5400, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಸಾಕು. ಎ4 ಗಾತ್ರಕ್ಕೆ 9 ಮೆಗಾಪಿಕ್ಸೆಲ್ ಕೂಡ ಬೇಕಿಲ್ಲ. ಫುಲ್ ಎಚ್‌ಡಿ ಟಿವಿಯಲ್ಲಿ ಕಾಣುವುದು ಬರೀ 2 ಮೆಗಾಪಿಕ್ಸೆಲ್.

ಕಳೆದ ಹತ್ತು ವರ್ಷಗಳಲ್ಲಿ ಬಂದ ಹೆಚ್ಚಿನ ಆರಂಭಿಕ ಹಂತದ ಕ್ಯಾಮೆರಾಗಳಲ್ಲಿ 24 ಮೆಗಾಪಿಕ್ಸೆಲ್ ಇದ್ದೇ ಇದೆ. ಅದಕ್ಕಿಂತ ಹೆಚ್ಚಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಹಾಗಾದರೆ 108 ಮೆಗಾಪಿಕ್ಸೆಲ್ ಫೋನು? ಅದು ಮಾಮೂಲಿ ಮೋಡ್‌ನಲ್ಲಿ 9 ಪುಟ್ಟ ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿ, ಕೊನೆಗೆ 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. ಕಾರಣ ಸರಳ: ಚುಕ್ಕಿ ಚಿಕ್ಕದಾದಷ್ಟು ಅದಕ್ಕೆ ಸಿಗುವ ಬೆಳಕು ಕಡಿಮೆ.

ನಿಜವಾಗಿ ಬೇಕಾದದ್ದು ಬೆಳಕು

ಎಷ್ಟೋ ಮುಹೂರ್ತಗಳು ಬೆಳಗಿನ ಜಾವ ಇರುತ್ತವೆ. ಛತ್ರದೊಳಗೆ ಮಂದ ದೀಪ, ಹೋಮದ ಹೊಗೆ, ಹಿಂದೆ ಹೊಳೆಯುವ ಅಲಂಕಾರ. ನಮ್ಮ ಕಣ್ಣು ಇದಕ್ಕೆ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಒದ್ದಾಡುತ್ತದೆ. ಬೆಳಕು ಸಾಲದಿದ್ದರೆ ಅದು ಎರಡರಲ್ಲಿ ಒಂದು ಮಾಡುತ್ತದೆ. ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಆಗ ಕೈ ಅಲುಗಿದರೂ ವರ ತಲೆ ತಿರುಗಿಸಿದರೂ ಫೋಟೊ ಮಸುಕು. ಇಲ್ಲವೇ ಐಎಸ್‌ಒ ಏರಿಸುತ್ತದೆ, ಆಗ ಮುಖದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ.

ಬೆಳಕನ್ನು ಹೆಚ್ಚು ಹಿಡಿಯಲು ಸಹಾಯ ಮಾಡುವುದು ಸೆನ್ಸರ್ ಗಾತ್ರ ಮತ್ತು ಲೆನ್ಸ್.

ಸೆನ್ಸರ್ ಎಂದರೆ ಹಳೆಯ ಫಿಲ್ಮ್ ಇದ್ದ ಜಾಗದಲ್ಲಿರುವ, ಬೆಳಕು ಬೀಳುವ ಹಾಳೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು 36×24 ಮಿಲಿಮೀಟರ್. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎಪಿಎಸ್-ಸಿ ಗಾತ್ರದ್ದು ಇರುತ್ತದೆ. ನಿಕಾನ್ ಮತ್ತು ಸೋನಿಯಲ್ಲಿ ಅದು ಸುಮಾರು 23.5×15.6 ಮಿಲಿಮೀಟರ್, ಕ್ಯಾನನ್‌ನಲ್ಲಿ ತುಸು ಚಿಕ್ಕದು. ಹೊಸಬರಿಗೆ ಎಪಿಎಸ್-ಸಿ ಸಾಕು.

ನಂಬಿಕೆ 2: ಜೂಮ್ ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು

ಲೆನ್ಸ್ ಬದಲಿಸಲಾಗದ, "60 ಪಟ್ಟು ಜೂಮ್", "80 ಪಟ್ಟು ಜೂಮ್" ಎಂದು ಮಾರುವ ಕ್ಯಾಮೆರಾಗಳು ನೋಡಲು ದೊಡ್ಡ ಕ್ಯಾಮೆರಾದಂತೆಯೇ ಇರುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಒಳಗಿನ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್. ಎಪಿಎಸ್-ಸಿ ಇದರ ಸುಮಾರು 13 ಪಟ್ಟು ದೊಡ್ಡದು. ಉದಾಹರಣೆಗೆ, 83 ಪಟ್ಟು ಜೂಮ್ ಇರುವ ನಿಕಾನ್ ಕೂಲ್‌ಪಿಕ್ಸ್ ಪಿ950. ಹಗಲಿನಲ್ಲಿ ದೂರದ ಹಕ್ಕಿಗೆ, ರಾತ್ರಿ ಚಂದ್ರನಿಗೆ ಅದು ಒಳ್ಳೆಯ ಸಾಧನ. ಮಂದ ಬೆಳಕಿನ ಮಂಟಪಕ್ಕೆ ಅದು ತಕ್ಕದ್ದಲ್ಲ. ಅಷ್ಟಕ್ಕೂ ಮದುವೆಯಲ್ಲಿ ನೀವು ನಿಲ್ಲುವುದು ವಧೂವರರಿಂದ ಎರಡು ಮೂರು ಮೀಟರ್ ದೂರದಲ್ಲಿ.

ನಂಬಿಕೆ 3: ಕ್ಯಾಮೆರಾ ದುಬಾರಿಯಾಗಿರಲಿ, ಲೆನ್ಸ್ ಯಾವುದಾದರೂ ಆದೀತು

ಇದು ತಲೆಕೆಳಗಾದ ಮಾತು. ಕ್ಯಾಮೆರಾ ಜೊತೆ ಬರುವ 18–55 ಮಿಲಿಮೀಟರ್ ಕಿಟ್ ಲೆನ್ಸಿನ ಮೇಲೆ ಸಾಮಾನ್ಯವಾಗಿ 3.5–5.6 ಎಂದು ಬರೆದಿರುತ್ತದೆ. ಅದು ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತದೆ ಎಂಬುದರ ಅಳತೆ. ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಪೂರ್ತಿ ಜೂಮ್ ಮಾಡಿದಾಗ ಈ ಲೆನ್ಸ್ 5.6ಕ್ಕೆ ಇಳಿಯುತ್ತದೆ.

ಈಗ 50 ಮಿಲಿಮೀಟರ್ 1.8 ಲೆನ್ಸ್ ನೋಡಿ. ಇದರಲ್ಲಿ ಜೂಮ್ ಇಲ್ಲ. ಆದರೆ 5.6ಕ್ಕೆ ಹೋಲಿಸಿದರೆ ಸುಮಾರು 10 ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ 6400 ಬೇಕಾದ ಕಡೆ ಇದಕ್ಕೆ 640 ಸಾಕು. ಕ್ಯಾನನ್ ಮತ್ತು ನಿಕಾನ್ ಕಂಪನಿಗಳ ಅತಿ ಅಗ್ಗದ ಲೆನ್ಸ್‌ಗಳಲ್ಲಿ ಇದೂ ಒಂದು.

ಆದರೆ ಇದರ ಮಿತಿಗಳನ್ನೂ ತಿಳಿದಿರಬೇಕು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಮೂರು ಮೀಟರ್ ದೂರದಿಂದ 50 ಮಿಲಿಮೀಟರ್ ಲೆನ್ಸಿಗೆ ಕಾಣುವುದು ಸುಮಾರು 1.4 ಮೀಟರ್ ಅಗಲ ಮಾತ್ರ. ವಧೂವರರು ಹಿಡಿಸುತ್ತಾರೆ, ಬಳಗ ಹಿಡಿಸುವುದಿಲ್ಲ. ಗುಂಪು ಫೋಟೊಗೆ ಕಿಟ್ ಲೆನ್ಸನ್ನು 18ಕ್ಕೆ ಇಟ್ಟರೆ ಅಷ್ಟೇ ದೂರದಿಂದ ಸುಮಾರು 3.9 ಮೀಟರ್ ಅಗಲ ಸಿಗುತ್ತದೆ. ಹಾಗಾಗಿ ಕಿಟ್ ಲೆನ್ಸ್ ಬಿಸಾಡಬೇಡಿ, ಎರಡೂ ಬೇಕು.

ಇನ್ನೊಂದು ವಿಷಯ. 1.8ರಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 11–12 ಸೆಂಟಿಮೀಟರ್ ಅಷ್ಟೇ. ವರನ ಮುಖ ಸ್ಪಷ್ಟ, ಒಂದು ಹೆಜ್ಜೆ ಹಿಂದಿರುವ ವಧುವಿನ ಮುಖ ಮಸುಕು ಎಂಬಂತಾಗಬಹುದು. ಇಬ್ಬರಿದ್ದಾಗ 2.8 ಅಥವಾ 4, ಗುಂಪಿಗೆ 5.6 ಇಟ್ಟುಕೊಳ್ಳಿ.

ಕೊಳ್ಳುವ ಮುನ್ನ ಲೆನ್ಸ್ ನಿಮ್ಮ ಕ್ಯಾಮೆರಾಗೆ ಹೊಂದುತ್ತದೆಯೇ ನೋಡಿ. ನಿಕಾನ್ ಡಿ3500, ಡಿ5600 ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಮಾದರಿಯ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಇವಕ್ಕೆ ಎಎಫ್-ಎಸ್ ಅಥವಾ ಎಎಫ್-ಪಿ ಮಾದರಿ ಕೇಳಿ.

ಫ್ಲ್ಯಾಶ್ ಇದ್ದರೆ ಸಾಕೇ?

ಕ್ಯಾಮೆರಾದ ಮೇಲೆ ತಾನಾಗಿ ಎದ್ದು ನಿಲ್ಲುವ ಪುಟ್ಟ ಫ್ಲ್ಯಾಶ್ ಹತ್ತಿರಕ್ಕಷ್ಟೇ ಆದೀತು. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನ ಸಾಲಿನವರ ಮುಖ ಸುಣ್ಣ ಬಳಿದಂತೆ, ಹಿಂದಿನವರು ಕತ್ತಲಲ್ಲಿ ಎಂಬ ಫೋಟೊ ಬರುವುದು ಇದರಿಂದಲೇ. ತಲೆ ತಿರುಗುವ ಬೇರೆ ಫ್ಲ್ಯಾಶ್ ಕೊಂಡು ಬಿಳಿ ಚಾವಣಿಯತ್ತ ತಿರುಗಿಸಿದರೆ ಬೆಳಕು ಮೇಲಿನಿಂದ ಹರಡಿ ಬೀಳುತ್ತದೆ. ಚಾವಣಿ ತುಂಬ ಎತ್ತರವಿದ್ದರೆ ಅಥವಾ ಬಣ್ಣದ ಬಟ್ಟೆ ಕಟ್ಟಿದ್ದರೆ ಇದು ಕೆಲಸಕ್ಕೆ ಬಾರದು.

ಎಲ್‌ಇಡಿ ಅಲಂಕಾರವಿದ್ದಾಗ ಫೋಟೊದಲ್ಲಿ ಅಡ್ಡ ಪಟ್ಟೆಗಳು ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. ಅದರಿಂದ ಹಲವು ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗವನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ.

ನಂಬಿಕೆ 4: ಹೊಸ ಮಾಡೆಲ್ಲೇ ಒಳ್ಳೆಯದು, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ

ಯಾವಾಗಲೂ ಹಾಗಲ್ಲ. 2015ರ ನಿಕಾನ್ ಡಿ7200ರಲ್ಲಿ 24.2 ಮೆಗಾಪಿಕ್ಸೆಲ್ ಮತ್ತು ಎರಡು ಮೆಮೊರಿ ಕಾರ್ಡ್ ಹಾಕುವ ಜಾಗ ಇದೆ. ಅದರ ನಂತರ 2017ರಲ್ಲಿ ಬಂದ ಡಿ7500ರಲ್ಲಿ 20.9 ಮೆಗಾಪಿಕ್ಸೆಲ್ ಮತ್ತು ಒಂದೇ ಕಾರ್ಡಿಗೆ ಜಾಗ. ಬೇರೆ ವಿಷಯಗಳಲ್ಲಿ ಹೊಸದು ಮುಂದಿದೆ. ಆದರೆ ಮದುವೆ ತೆಗೆಯುವವರಿಗೆ ಎರಡು ಕಾರ್ಡ್ ಎಂದರೆ ಪ್ರತಿ ಫೋಟೊದ ಎರಡು ಪ್ರತಿ. ಒಂದು ಕಾರ್ಡ್ ಹಾಳಾದರೂ ಮದುವೆ ಉಳಿಯುತ್ತದೆ.

ಬಳಸಿದ ಕ್ಯಾಮೆರಾ ಕೊಳ್ಳುವಾಗ ಇಷ್ಟು ನೋಡಿ:

• ಎಷ್ಟು ಕ್ಲಿಕ್ ಆಗಿದೆ ಕೇಳಿ. ಡಿ7200ರ ಶಟರನ್ನು ಕಂಪನಿ 1.5 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿದೆ. ಒಂದೇ ಮದುವೆಯಲ್ಲಿ ಎರಡು ಸಾವಿರ ಕ್ಲಿಕ್ ಸುಲಭವಾಗಿ ಆಗುತ್ತದೆ.
• ಲೆನ್ಸನ್ನು ಕ್ಯಾಮೆರಾದಿಂದ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್. ಮಲೆನಾಡು, ಕರಾವಳಿಯ ತೇವಕ್ಕೆ ಇದು ಬೇಗ ಹಿಡಿಯುತ್ತದೆ.
• ಬಿಳಿ ಗೋಡೆಯ ಫೋಟೊವನ್ನು 16ರ ಕಿಂಡಿಯಲ್ಲಿ ತೆಗೆದು ದೊಡ್ಡದು ಮಾಡಿ. ಕಪ್ಪು ಚುಕ್ಕೆಗಳು ಸೆನ್ಸರ್ ಮೇಲಿನ ದೂಳು. ಅದನ್ನು ಸ್ವಚ್ಛ ಮಾಡಿಸಬಹುದು, ಗೀರಾಗಿದ್ದರೆ ಆಗದು.
• ಬಿಲ್ ಕೇಳಿ, ಬಿಲ್ಲಿನ ಸೀರಿಯಲ್ ನಂಬರ್ ಕ್ಯಾಮೆರಾ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ.

ಕಾರ್ಡ್ ಮತ್ತು ಬ್ಯಾಟರಿಯಲ್ಲಿ ಉಳಿತಾಯ ಬೇಡ

ರಾ ಫೈಲ್ ಎಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಉಳಿಸಿಕೊಳ್ಳುವ ಕಡತ. ಆಮೇಲೆ ಬೆಳಕು, ಬಣ್ಣ ಸರಿಪಡಿಸಲು ಇದರಲ್ಲಿ ಹೆಚ್ಚು ಅವಕಾಶವಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇಂಥ ಒಂದು ಕಡತ ಸುಮಾರು 25 ಎಂಬಿ. ಎರಡು ಸಾವಿರ ಫೋಟೊಗೆ 50 ಜಿಬಿ. ಅಂದರೆ 64 ಜಿಬಿ ಕಾರ್ಡ್ ಕನಿಷ್ಠ ಎರಡು ಬೇಕು.

ಅಗ್ಗದ ನಕಲಿ ಕಾರ್ಡ್‌ಗಳ ಬಗ್ಗೆ ಎಚ್ಚರ. ಮೇಲೆ 64 ಜಿಬಿ ಎಂದು ಬರೆದು ಒಳಗೆ ಅದಕ್ಕಿಂತ ಕಡಿಮೆ ಇರುವ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ಎಲ್ಲ ಫೈಲುಗಳೂ ತೆರೆಯುತ್ತವೆಯೇ ನೋಡಿ. ಕನಿಷ್ಠ ಒಂದು ಹೆಚ್ಚುವರಿ ಬ್ಯಾಟರಿ ಇರಲಿ. ಮದುವೆ ಮುಗಿದ ದಿನವೇ ಎರಡು ಬೇರೆ ಕಡೆ ನಕಲು ಮಾಡಿ. ಅದಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಫೋಟೊಗಳನ್ನು ನೆಂಟರಿಗೆ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. ಅದನ್ನೇ ಡೌನ್‌ಲೋಡ್ ಮಾಡಿ ಆಲ್ಬಮ್‌ಗೆ ಕೊಡಬೇಡಿ. ಮೂಲ ಫೈಲ್ ಬೇಕಾದವರಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ.

ದುಡ್ಡು ಹಂಚುವುದು ಹೇಗೆ?

ಕೈಯಲ್ಲಿ 50 ಸಾವಿರ ರೂಪಾಯಿ ಇದೆ ಎಂದುಕೊಳ್ಳಿ. ಅಷ್ಟನ್ನೂ ಕ್ಯಾಮೆರಾಕ್ಕೇ ಸುರಿದರೆ ಲೆನ್ಸಿಗೆ, ಫ್ಲ್ಯಾಶಿಗೆ ಏನೂ ಉಳಿಯದು. ಸುಮಾರು ಅರ್ಧವನ್ನು ಬಳಸಿದ ಒಳ್ಳೆಯ ಕ್ಯಾಮೆರಾ ಮತ್ತು ಕಿಟ್ ಲೆನ್ಸಿಗೆ ಇಡಿ. ಉಳಿದದ್ದರಲ್ಲಿ 50 ಮಿಲಿಮೀಟರ್ 1.8 ಲೆನ್ಸ್, ತಿರುಗುವ ಫ್ಲ್ಯಾಶ್, ಎರಡು ಕಾರ್ಡ್, ಒಂದು ಬ್ಯಾಟರಿ ಕೊಳ್ಳಿ.

ಒಂದೇ ಮದುವೆಗಾಗಿ ಬೇಕಿದ್ದರೆ ಬಾಡಿಗೆಯೇ ಲೇಸು. ಬೆಂಗಳೂರಿನಂಥ ನಗರಗಳಲ್ಲಿ ಕ್ಯಾಮೆರಾ, ಲೆನ್ಸ್ ದಿನಬಾಡಿಗೆಗೆ ಸಿಗುತ್ತವೆ. ಆದರೆ ಮುಹೂರ್ತದ ಹಿಂದಿನ ರಾತ್ರಿ ತರಬೇಡಿ, ಕೈಗೆ ಒಗ್ಗಲು ಎರಡು ದಿನವಾದರೂ ಬೇಕು.

ಫೋನೇ ಸಾಕಲ್ಲವೇ?

ಅರಿಶಿನ ಶಾಸ್ತ್ರ, ಅಡುಗೆ ಮನೆಯ ಗದ್ದಲ, ಹೊರಗಿನ ಬೆಳಕಿನಲ್ಲಿ ನೆಂಟರ ನಗು – ಇವಕ್ಕೆ ಒಳ್ಳೆಯ ಫೋನ್ ಧಾರಾಳವಾಗಿ ಸಾಕು. ಮಂದ ಬೆಳಕಿನಲ್ಲಿ ಫೋನ್ ಹಲವು ಫೋಟೊಗಳನ್ನು ಬೆಸೆದು ಒಂದು ಮಾಡುತ್ತದೆ. ಎಲ್ಲರೂ ಅಲುಗದೆ ಕೂತಿದ್ದರೆ ಅದು ಚೆನ್ನಾಗಿ ಬರುತ್ತದೆ. ಅಕ್ಷತೆ ಹಾರುವ ಹೊತ್ತಿನಲ್ಲಿ ಯಾರೂ ಅಲುಗದೆ ಕೂರುವುದಿಲ್ಲ.

ನಮ್ಮ ತೀರ್ಮಾನ

"ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟು ಮದುವೆ ಫೋಟೊ ಚೆನ್ನ" ಎಂಬುದು ದಾರಿ ತಪ್ಪಿಸುವ ಮಾತು. ಆಲ್ಬಮ್‌ಗೆ 20–24 ಮೆಗಾಪಿಕ್ಸೆಲ್ ಸಾಕು. ಎಪಿಎಸ್-ಸಿ ಸೆನ್ಸರ್, 1.8ರ ಲೆನ್ಸ್, ತಿರುಗುವ ಫ್ಲ್ಯಾಶ್ ಮತ್ತು ಫೋಟೊಗಳ ಎರಡು ಪ್ರತಿ – ಕಡಿಮೆ ದುಡ್ಡಿನಲ್ಲಿ ನೋಡಬೇಕಾದದ್ದು ಇವು.

ಕ್ಯಾಮೆರಾ ಕೊಂಡ ಮೇಲೆ ಮೊದಲ ಪರೀಕ್ಷೆ ಮದುವೆಯೇ ಆಗದಿರಲಿ. ಅದೇ ಛತ್ರಕ್ಕೆ ಮೊದಲೇ ಹೋಗಿ, ಅದೇ ದೀಪದಡಿ ಯಾರನ್ನಾದರೂ ನಿಲ್ಲಿಸಿ ತೆಗೆದು ನೋಡಿ. ಒಂದು ಮದುವೆಯನ್ನೂ ತೆಗೆದ ಅನುಭವ ಇಲ್ಲದಿದ್ದರೆ ಮನೆಯವರಿಗೆ ಮೊದಲೇ ನೇರವಾಗಿ ಹೇಳಿ. ಮುಹೂರ್ತದ ಹೊತ್ತಿಗಾದರೂ ಅನುಭವಿ ಫೋಟೊಗ್ರಾಫರ್ ಒಬ್ಬರಿರಲಿ, ಉಳಿದದ್ದನ್ನು ನೀವು ತೆಗೆಯಿರಿ. ಹಾಗೆ ಮಾಡಿದರೆ ನಿಮಗೆ ಕಲಿಯಲು ಅವಕಾಶವೂ ಸಿಗುತ್ತದೆ, ಮದುಮಕ್ಕಳ ಆಲ್ಬಮ್ಮಿನಲ್ಲಿ ಮಾಂಗಲ್ಯಧಾರಣೆಯ ಪುಟವೂ ಖಾಲಿ ಉಳಿಯುವುದಿಲ್ಲ. ನಿಮ್ಮ ಬಳಗದಲ್ಲಿ ಯಾರಾದರೂ ಕ್ಯಾಮೆರಾ ಕೊಳ್ಳಲು ಹೊರಟಿದ್ದರೆ, ಅಂಗಡಿಗೆ ಹೋಗುವ ಮುನ್ನ ಇದನ್ನು ಅವರಿಗೆ ಕಳಿಸಿ.