ಹಗೇವಿನೊಳಗಿನ ಉಸಿರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ರೈತರು ಹಿಂದೆ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುತ್ತಿದ್ದರು. ಇದನ್ನು ಲೂಟಿಯ ಭಯದಿಂದ ಹುಟ್ಟಿದ ಏರ್ಪಾಡೆಂದಷ್ಟೇ ಬಗೆಯುವುದು ಸಾಲದೆಂದು ನಮ್ಮ ಮತ.

ಹೊಲದಲ್ಲಿ ನಿಂತ ಪೈರು ಉಸಿರಾಟದ ಶಕ್ತಿಯನ್ನು ಬೆಳವಣಿಗೆಗೂ ಜೀವಧಾರಣೆಗೂ ವ್ಯಯಿಸುತ್ತದೆ. ಈ ಎರಡು ವೆಚ್ಚಗಳನ್ನು ಮೆಕ್ರೀ ಎಂಬ ವಿಜ್ಞಾನಿ ಸಮೀಕರಣದಲ್ಲಿ ಬೇರ್ಪಡಿಸಿ ತೋರಿಸಿದುದು 1970ರಲ್ಲಿ. ಕೂಡಿಟ್ಟ ಕಾಳಿಗಾದರೋ ಬೆಳವಣಿಗೆಯಿಲ್ಲ. ಜೀವಧಾರಣೆಗಾಗಿ ಮಾತ್ರ ಅದು ತನ್ನ ಪಿಷ್ಟವನ್ನು ತಾನೇ ಸವೆಸುತ್ತದೆ. ಹಸಿಯಿದ್ದಷ್ಟೂ ಸವೆತ ಹೆಚ್ಚು, ಕಾವೂ ಹೆಚ್ಚು. ಆದುದರಿಂದಲೇ ಚೆನ್ನಾಗಿ ಒಣಗಿಸಿ ತುಂಬುವ ಕಟ್ಟುನಿಟ್ಟು.

ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದ ಮೇಲೆ ಒಳಗಿನ ಆಮ್ಲಜನಕ ತಗ್ಗಿ ಇಂಗಾಲಾಮ್ಲವಾಯು ಏರುವುದು. ಹುಳುಗಳು ಉಸಿರುಗಟ್ಟುವುವು, ಕಾಳಿನ ಉಸಿರೂ ಮಂದವಾಗುವುದು. ಕಾಳನ್ನುಳಿಸಿದ ಈ ಗಾಳಿಯೇ ಮನುಷ್ಯನಿಗೆ ಮೃತ್ಯು. ತೆರೆದೊಡನೆ ಒಳಗಿಳಿದವರು ಪ್ರಾಣ ಕಳೆದುಕೊಂಡುದುಂಟು. ಅದಕ್ಕಾಗಿಯೇ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ.