ಬದಲಾದ ಮಳೆಗೆ ಕೃಷಿ ಹೊಂಡ: ನೀರಿನ ಲೆಕ್ಕ ಮತ್ತು ನೆರೆಹೊರೆಯ ಒಪ್ಪಂದ

2022ರಲ್ಲಿ ರಾಜ್ಯದ ಹಲವೆಡೆ ಅತಿವೃಷ್ಟಿಯಿಂದ ಬೆಳೆ ನಷ್ಟವಾಯಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ತಾಪಮಾನ ಏರಿದಂತೆ ಗಾಳಿಯು ಹೆಚ್ಚು ತೇವಾಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮಳೆ ಬಂದಾಗ ರಭಸವಾಗಿ ಸುರಿಯುವ ಸಂಭವ ಹೆಚ್ಚುತ್ತದೆ. ಒಣ ಅವಧಿಯಲ್ಲಿ ಮಣ್ಣಿನ ತೇವವೂ ಬೇಗನೆ ಆರುತ್ತದೆ. ಹರಿದುಹೋಗುವ ನೀರನ್ನು ಹಿಡಿದು ಒಣ ದಿನಗಳಿಗೆ ಉಳಿಸಲು ಕೃಷಿ ಹೊಂಡವು ಉತ್ತಮ ಸಾಧನ. ಆದರೆ ಹೊಂಡ ತೋಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ನೀರಿನ ಲೆಕ್ಕ

ಮೇಲ್ಭಾಗದಲ್ಲಿ 12 × 12 ಮೀಟರ್, ಆಳ 3 ಮೀಟರ್, ಪಕ್ಕದ ಇಳಿಜಾರು 1:1 ಇರುವ ಹೊಂಡದಲ್ಲಿ ಸುಮಾರು 2.5 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ 25 ಮಿ.ಮೀ. ನೀರುಣಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಅಂದರೆ ತುಂಬಿದ ಹೊಂಡದಿಂದ 2 ಎಕರೆಗೆ ಒಂದು ಬಾರಿ ಅಥವಾ 1 ಎಕರೆಗೆ ಎರಡು ಬಾರಿ ರಕ್ಷಣಾತ್ಮಕ ನೀರಾವರಿ ಒದಗಿಸಬಹುದು.

ಹೊಂಡ ತುಂಬಲು ಎಷ್ಟು ಜಮೀನಿನ ನೀರು ಬೇಕು? 50 ಮಿ.ಮೀ. ಮಳೆಯಲ್ಲಿ ಐದನೆಯ ಒಂದು ಭಾಗ ಹರಿದು ಬಂದರೆ, ಒಂದು ಎಕರೆಯಿಂದ ದೊರೆಯುವುದು ಸುಮಾರು 40 ಸಾವಿರ ಲೀಟರ್. ಒಂದೇ ಮಳೆಗೆ ಹೊಂಡ ತುಂಬಲು 6 ಎಕರೆಗೂ ಹೆಚ್ಚು ಜಲಾನಯನ ಬೇಕು. 2 ಎಕರೆ ಇದ್ದವರಿಗೆ ಅಂತಹ ಮೂರಕ್ಕೂ ಹೆಚ್ಚು ಮಳೆ ಬೇಕು. ಸಣ್ಣ ಹಿಡುವಳಿದಾರರ ಹೊಂಡಕ್ಕೆ ಬರುವ ನೀರು ಬಹುತೇಕ ನೆರೆಯವರ ಜಮೀನನ್ನು ಹಾದು ಬರುತ್ತದೆ. ಆದ್ದರಿಂದಲೇ ಒಪ್ಪಂದ ಅಗತ್ಯ.

ನಿರ್ಮಾಣದಲ್ಲಿ ಗಮನಿಸಬೇಕಾದ ಅಂಶಗಳು

• ಮೊದಲು ಬದು, ನಂತರ ಹೊಂಡ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬಿತ್ತನೆ ಮಾಡಿರಿ; ಮಣ್ಣಿನಲ್ಲಿ ಇಂಗಿದ ನೀರೇ ಬೆಳೆಗೆ ಮೊದಲ ಆಸರೆ.
• ಜಮೀನಿನ ತಗ್ಗು ಭಾಗದಲ್ಲಿ, ನೀರು ಸಹಜವಾಗಿ ಹರಿದು ಬರುವ ಜಾಗವನ್ನು ಆಯ್ದುಕೊಳ್ಳಿರಿ.
• ನೀರು ಒಳಬರುವ ಬಾಯಿಯಲ್ಲಿ ಹೂಳು ತಡೆಯುವ ಗುಂಡಿ, ಹೊರಹೋಗುವಲ್ಲಿ ಕಲ್ಲು ಜೋಡಿಸಿದ ಕೋಡಿ ಇರಲಿ.
• ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಪಾಲಿಥೀನ್ ಹೊದಿಕೆ ಅವಶ್ಯಕ. ಕಪ್ಪು ಮಣ್ಣಿನಲ್ಲಿ ಪಕ್ಕಗಳು ಕುಸಿಯದಂತೆ ಇಳಿಜಾರನ್ನು 1.5:1ಕ್ಕೆ ಹೆಚ್ಚಿಸಿರಿ.
• ಹೊದಿಕೆ ಹಾಸಿದ ಹೊಂಡಕ್ಕೆ ಬಿದ್ದವರು ಜಾರುವ ಪಕ್ಕವನ್ನು ಹತ್ತಿ ಬರಲಾರರು. ತಂತಿ ಬೇಲಿ ಹಾಗೂ ಗಟ್ಟಿಯಾಗಿ ಬಿಗಿದ, ಗಂಟು ಹಾಕಿದ ಹಗ್ಗಗಳನ್ನು ಮೊದಲ ಮಳೆಗೆ ಮುನ್ನವೇ ಅಳವಡಿಸಿರಿ. ಇದು ಮಕ್ಕಳ ಜೀವದ ಪ್ರಶ್ನೆ.

2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಬದು, ಹೊಂಡ, ಹೊದಿಕೆ, ಪಂಪ್‌ಸೆಟ್ ಮತ್ತು ಸೂಕ್ಷ್ಮ ನೀರಾವರಿಯನ್ನು ಒಟ್ಟಾಗಿ ಪರಿಗಣಿಸಿದ್ದು ಇದೇ ಕಾರಣಕ್ಕೆ. ಒಂದು ಕೊಂಡಿ ಕಳಚಿದರೂ ಹೊಂಡ ನಿರುಪಯುಕ್ತವಾಗುತ್ತದೆ.

ನೀರನ್ನು ಯಾವಾಗ ಬಳಸಬೇಕು?

ದಿನಕ್ಕೆ 5 ಮಿ.ಮೀ. ಆವಿಯಾದರೆ ತುಂಬಿದ ಹೊಂಡದಿಂದ ತಿಂಗಳಿಗೆ ಸುಮಾರು 20 ಸಾವಿರ ಲೀಟರ್ ನಷ್ಟವಾಗುತ್ತದೆ. ಆದ್ದರಿಂದ ಸಂದಿಗ್ಧ ಹಂತದಲ್ಲಿ ಮಣ್ಣಿನ ತೇವ ಆರಿದಾಗ ಮುಂದಿನ ಮಳೆಗಾಗಿ ಕಾಯುತ್ತಾ ಕೂಡದಿರಿ. ರಾಗಿಗೆ ತೆಂಡೆ ಒಡೆಯುವ ಮತ್ತು ತೆನೆ ಹೊರಡುವ ಹಂತ, ಶೇಂಗಾಕ್ಕೆ ಹೂ ಬಿಟ್ಟು ಊಡು ಇಳಿಯುವ ಹಂತ, ತೊಗರಿಗೆ ಹೂವಾಡುವ ಮತ್ತು ಕಾಯಿ ಕಟ್ಟುವ ಹಂತಗಳಲ್ಲಿ ತುಂತುರು ನೀರಾವರಿಯ ಮೂಲಕ ನೀರು ಕೊಡಿರಿ. ಕೊಳವೆ ಬಾವಿಯ ನೀರನ್ನು ಎತ್ತಿ ಹೊಂಡದಲ್ಲಿ ಸಂಗ್ರಹಿಸುವುದು ಸರಿಯಲ್ಲ, ಅಂತರ್ಜಲವನ್ನು ಬಿಸಿಲಿಗೊಡ್ಡಿದಂತಾಗುತ್ತದೆ.

ನೆರೆಹೊರೆಯ ಒಪ್ಪಂದ

ಹಳೆಯ ಮೈಸೂರು ಪ್ರದೇಶದ ಕೆರೆಗಳಲ್ಲಿ ನೀರುಗಂಟಿಗಳು ತೂಬನ್ನು ನಿರ್ವಹಿಸಿ, ಅಚ್ಚುಕಟ್ಟಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದರು. ಹೊಂಡಗಳಿಗೆ ಅಂತಹ ಪಾಲಕರಿಲ್ಲ. ಈ ಕೆಳಗಿನ ವಿಷಯಗಳನ್ನು ಬೇಸಿಗೆಯಲ್ಲೇ ಕುಳಿತು ಮಾತನಾಡಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು:

1. ನೀರು ಯಾರ ಜಮೀನಿನ ಮೂಲಕ ಬರುತ್ತದೆ, ಕೋಡಿ ಬಿದ್ದ ನೀರು ಯಾರ ಜಮೀನಿಗೆ ಹೋಗುತ್ತದೆ?
2. ಮೇಲ್ಭಾಗದಲ್ಲಿ ಎಲ್ಲರೂ ಹೊಂಡ ತೋಡಿದರೆ ಕೆಳಗಿನ ಕೆರೆಗೆ ಬರುವ ನೀರು ಕಡಿಮೆಯಾಗುತ್ತದೆ. ಕೆರೆಗೆ ನೀರು ತರುವ ಹಳ್ಳ, ಕಾಲುವೆಗಳಿಗೆ ಅಡ್ಡಲಾಗಿ ಹೊಂಡ ಬೇಡ.
3. ಇಬ್ಬರು ಮೂವರು ಸೇರಿ ಒಂದೇ ಹೊಂಡ ಮಾಡಿಕೊಂಡರೆ ನೀರಿನ ಸರದಿ, ಪಂಪ್‌ಸೆಟ್ಟಿನ ಖರ್ಚು ಹೇಗೆ ಹಂಚಿಕೆಯಾಗಬೇಕು?
4. ಪ್ರತಿ ವರ್ಷ ಹೂಳೆತ್ತುವ ಹಾಗೂ ಬೇಲಿ ದುರಸ್ತಿ ಮಾಡುವ ಹೊಣೆ ಯಾರದು?

ವಿಸ್ತರಣಾ ಕಾರ್ಯಕರ್ತರು ಅರ್ಜಿದಾರರ ಜಮೀನನ್ನು ಮಾತ್ರ ನೋಡದೆ, ಮೇಲಿನ ಮತ್ತು ಕೆಳಗಿನ ಜಮೀನಿನವರನ್ನೂ ಸ್ಥಳಕ್ಕೆ ಕರೆದು, ನೀರಿನ ಹಾದಿಯನ್ನು ಒಟ್ಟಿಗೆ ನಡೆದು ಗುರುತಿಸಬೇಕು. ಹೊಂಡದ ಅಳತೆ ಆ ನಂತರ ನಿರ್ಧಾರವಾಗಲಿ. ಸ್ಥಳ ಪರಿಶೀಲನೆಗೆ ಹಾಗೂ ಸಹಾಯಧನದ ಸದ್ಯದ ನಿಯಮಗಳಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.