ಮುಂಬಯಿಯ ಗಾಳಿ ಮತ್ತು ಚಿಮಣಿಗಳು

ಮುಂಬಯಿಯಲ್ಲಿ ಮನೆ ಹುಡುಕುವಾಗ ನಾವು ನೀರಿನ ಸೌಕರ್ಯ, ರೈಲು ನಿಲ್ದಾಣದ ದೂರ, ಮಕ್ಕಳ ಶಾಲೆ ಇಷ್ಟನ್ನೂ ವಿಚಾರಿಸುತ್ತೇವೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಕೇಳುವವರು ವಿರಳ. ಹಿಂದಿನವರು ಕೇಳುತ್ತಿದ್ದರು. ಮಲಬಾರ್ ಹಿಲ್‌ನಲ್ಲಿ ಬಂಗಲೆ ಕಟ್ಟಿದವರಿಗೆ ಅದರ ಬೆಲೆ ಚೆನ್ನಾಗಿ ತಿಳಿದಿತ್ತು.

ಮುಂಬಯಿ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಕಿರಿದಾದ ಭೂಮಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂದರು ಮತ್ತು ಠಾಣೆಯ ಖಾರಿ, ಅದರಾಚೆ ಸಹ್ಯಾದ್ರಿ. ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ. ಆದ್ದರಿಂದ ಹಗಲಲ್ಲಿ ಕಡಲಗಾಳಿ, ರಾತ್ರಿ ನೆಲಗಾಳಿ. ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ನೆಲಗಾಳಿಯಲ್ಲಿ ಕಡಲಿಗಿಳಿದು, ಮಧ್ಯಾಹ್ನ ಕಡಲಗಾಳಿಗೆ ಹಾಯಿ ಬಿಚ್ಚಿ ದಡಕ್ಕೆ ಮರಳಿದ ಹಿರಿಯರು ಅವರ ಊರುಗಳಲ್ಲಿ ಇದ್ದರು. ಬಿ.ಎಸ್ಸಿ. ತರಗತಿಯಲ್ಲಿ ನಾವು ಚಿತ್ರ ಬರೆದು ಕಲಿತದ್ದನ್ನು ಅವರು ಹೊಟ್ಟೆಪಾಡಿಗಾಗಿ ಕಲಿತಿದ್ದರು.

1856ರಲ್ಲಿ ತಾರದೇವದಲ್ಲಿ ಮೊದಲ ಹತ್ತಿ ಗಿರಣಿ ನೂಲು ತೆಗೆಯಿತು. 1900ರ ಹೊತ್ತಿಗೆ ಗಿರಣಿಗಳ ಸಂಖ್ಯೆ 80ರ ಆಸುಪಾಸಿಗೆ ಮುಟ್ಟಿತ್ತು. ಪರೇಲ್, ಲಾಲ್‌ಬಾಗ್‌ಗಳ ಚಿಮಣಿಗಳು ಕಲ್ಲಿದ್ದಲ ಹೊಗೆಯನ್ನುಗುಳುತ್ತಿದ್ದವು. ಪಶ್ಚಿಮದ ಗುಡ್ಡಕ್ಕೆ ಕಡಲಿನಿಂದ ಹೊಸ ಗಾಳಿ ಮೊದಲು ತಲಪುತ್ತಿತ್ತು. ಅದೇ ಗಾಳಿ ಮುಂದೆ ಹೊಗೆಯನ್ನು ಹೊತ್ತು ಕಾರ್ಮಿಕರ ಚಾಳುಗಳ ಮೇಲೆ ಹಾಯುತ್ತಿತ್ತು. ಹೊಗೆಯ ಉಪದ್ರವ ತಡೆಯಲು 1912ರಲ್ಲಿ ಕಾನೂನೇ ಬಂತು. ಆದರೆ ನನ್ನ ಅಭಿಪ್ರಾಯದಲ್ಲಿ ಕಾನೂನಿಗಿಂತ ಹೆಚ್ಚು ಉಪಕಾರ ಮಾಡಿದ್ದು ಸಹ್ಯಾದ್ರಿಯ ಮಳೆನೀರು. 1915ರಲ್ಲಿ ಖೋಪೋಲಿಯಿಂದ ಟಾಟಾ ಕಂಪೆನಿಯ ಜಲವಿದ್ಯುತ್ತು ಹರಿದುಬಂದ ಮೇಲೆ ಗಿರಣಿಗಳು ಒಂದೊಂದಾಗಿ ಕಲ್ಲಿದ್ದಲನ್ನು ಬಿಡತೊಡಗಿದವು. 1925ರ ಫೆಬ್ರವರಿ 3ರಂದು ಬೋರಿಬಂದರ್‌ನಿಂದ ಕುರ್ಲಾಕ್ಕೆ ವಿದ್ಯುತ್ ರೈಲೂ ಓಡಿತು.

ಹೊಗೆ ಕಡಿಮೆಯಾಗುವ ಕಾಲಕ್ಕೆ ಬೇರೆ ಕಡೆ ಬೇರೆ ಚಿಮಣಿಗಳು ಎದ್ದವು. ಬಂದರಿನ ಅನುಕೂಲವಿದ್ದ ತುರ್ಭೆ, ಅಂದರೆ ಟ್ರಾಂಬೆಯಲ್ಲಿ 1954 ಮತ್ತು 1955ರಲ್ಲಿ ಎರಡು ತೈಲ ಶುದ್ಧೀಕರಣಾಗಾರಗಳು, 1956ರಲ್ಲಿ ಉಷ್ಣ ವಿದ್ಯುತ್ ಸ್ಥಾವರ, 1965ರಲ್ಲಿ ರಸಗೊಬ್ಬರ ಕಾರ್ಖಾನೆ. ಹಗಲಲ್ಲಿ ಕಡಲಗಾಳಿ ಅವುಗಳ ಹೊಗೆಯನ್ನು ಖಾರಿಯಾಚೆಗೆ ತಳ್ಳುತ್ತಿತ್ತು. ಆಚೆ ಆಗ ಜನವಸತಿ ಕಡಿಮೆ. ಗಾಳಿಯನ್ನು ಸಂಬಳವಿಲ್ಲದ ಜಾಡಮಾಲಿಯೆಂದು ಎಣಿಸಿದಂತಾಯಿತು.

ಆದರೆ ಈ ಜಾಡಮಾಲಿ ವರ್ಷವಿಡೀ ಕೆಲಸಕ್ಕೆ ಬರುವವನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನದೇ ದರ್ಬಾರು: ಸಮುದ್ರದಿಂದ ನೈರುತ್ಯ ಮಾರುತ, ಜೊತೆಗೆ 2,000 ಮಿ.ಮೀ.ಗೂ ಮೀರಿದ ಮಳೆ. ಅಂಗಳ ತೊಳೆದಂತೆ ಆಕಾಶ ಶುದ್ಧವಾಗುತ್ತದೆ. ಅಕ್ಟೋಬರ್ ಕಳೆದರೆ ಆಟವೇ ಬೇರೆ. ಒಣಗಾಳಿ ನೆಲದ ಕಡೆಯಿಂದ ಬೀಸುತ್ತದೆ, ಕಡಲಗಾಳಿ ತಡವಾಗಿ ಬಂದು ಬೇಗ ಸೋಲುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಭಾರವಾದ ತಣ್ಣನೆಯ ಗಾಳಿ ಮೇಲೇಳಲಾರದು. ಪಾತ್ರೆಗೆ ಮುಚ್ಚಳ ಹಾಕಿದಂತೆ ಹೊಗೆ ಕೆಳಗೇ ನಿಲ್ಲುತ್ತದೆ. ಹಗಲು ಪೂರ್ವಕ್ಕೆ ಹೋದದ್ದರಲ್ಲಿ ಒಂದು ಪಾಲು ನೆಲಗಾಳಿಯೊಡನೆ ಹಿಂದಿರುಗುತ್ತದೆ. ಚೆಂಬೂರಿಗೆ 'ಗ್ಯಾಸ್ ಚೇಂಬರ್' ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. ಅಲ್ಲಿ ನಮ್ಮವರ ಸಂಸಾರಗಳೂ ಸಾಕಷ್ಟಿವೆ.

ಎಲ್ಲಕ್ಕಿಂತ ಹೆಚ್ಚು ಬೆಲೆ ತೆತ್ತದ್ದು ಶುದ್ಧೀಕರಣಾಗಾರಗಳ ಬುಡದಲ್ಲಿರುವ ಮಾಹುಲ್. ಅಲ್ಲಿಯ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. ಹಾಗಿದ್ದೂ ನೀರಿನ ಕೊಳವೆಮಾರ್ಗದ ಬದಿಯಿಂದ ಎಬ್ಬಿಸಿದ ಬಡವರಿಗೆ ಅಲ್ಲಿಯೇ ಮನೆ ಕೊಡಲಾಯಿತು. ಕಾಗದದ ಮೇಲೆ ಪುನರ್ವಸತಿ ಪೂರ್ಣವಾಯಿತು. ಕಡತಗಳ ನಡುವೆಯೇ ಬದುಕುವ ನನಗೆ ಆ ಬಗೆಯ ಪೂರ್ಣತೆಯ ಪರಿಚಯವಿದೆ. ಆ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಈಚೆಗೆ ಗಂಧಕ ಕಡಿಮೆಯಿರುವ ಇಂಧನ ಬಂದು ಆ ಹಳೆಯ ಅನಿಲದ ಕಾಟ ಇಳಿದಿದೆ. ಈಗಿನ ತೊಂದರೆ ಸೂಕ್ಷ್ಮ ಧೂಳಿನದು: ವಾಹನಗಳು, ರಸ್ತೆ, ಕಟ್ಟಡ ಕೆಲಸ. ಗಿರಣಿಗಳು ಮುಚ್ಚಿದ ಜಾಗಗಳಲ್ಲೇ ಗೋಪುರಗಳು ಏಳುತ್ತಿವೆ. 2022-23ರ ಚಳಿಗಾಲದಲ್ಲಿ ಗಾಳಿ ಬಹಳ ಕೆಟ್ಟಿತು. ದೂರದ ಪೆಸಿಫಿಕ್ ಸಾಗರದಲ್ಲಿ ಸತತ ಮೂರು ಚಳಿಗಾಲ ಮುಂದುವರಿದ ಲಾ ನೀನಾ ನಮ್ಮ ಕರಾವಳಿಯ ಗಾಳಿಯ ಓಟವನ್ನು ಕುಂಠಿತಗೊಳಿಸಿತೆಂದು ಕೆಲವು ವಿಜ್ಞಾನಿಗಳು ವಿವರಿಸಿದ್ದಾರೆ. ಆದರೆ ಲಾ ನೀನಾ ಧೂಳೆಬ್ಬಿಸುವುದಿಲ್ಲ. 2023ರ ಅಕ್ಟೋಬರಿನಲ್ಲಿ ನಗರಪಾಲಿಕೆ ಕಟ್ಟಡ ಕೆಲಸದ ಸುತ್ತ ತಗಡಿನ ಮರೆ ಕಟ್ಟಬೇಕು, ನೀರು ಚಿಮುಕಿಸಬೇಕು ಎಂದು ಆಜ್ಞೆ ಹೊರಡಿಸಿತು.

ಡಿಸೆಂಬರ್, ಜನವರಿಯಲ್ಲಿ ನಸುಕಿಗೇ ವಾಯುಸೇವನೆಗೆ ಹೊರಡುವ ಹಿರಿಯರಿಗೆ ಒಂದು ಮಾತು. ಆ ವೇಳೆಗೆ ಮುಚ್ಚಳ ಇನ್ನೂ ತೆರೆದಿರುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ, ಇಲ್ಲವೇ ಸಂಜೆ ಕಡಲಗಾಳಿ ಬೀಸುವಾಗ ಹೊರಡುವುದು ಮೇಲು.